ಎರವಲು ಸೋಫಾ

ಬಂದರು ಊರಾದ ವಾಲ್ಪರಾಯಿಸೋದ ಆ ಗುಡ್ಡದಲ್ಲಿ ಒಂದು ಮನೆಗೆ ಬಂದ ಅತಿಥಿ ಇಡೀ ಗುಡ್ಡಕ್ಕೇ ಅತಿಥಿ. ಉಬೆರ್ಲಿಂದಾಳ ಚಿನ್ನದಂಚಿನ ಪಿಂಗಾಣಿ ಕಪ್‌ಗಳು, ಬಡಗಿಯ ಹಸಿರು ಸೋಫಾ, ಬೇಕರಿಯವಳ ಕಸೂತಿ ಮೇಜುಬಟ್ಟೆ, ಈ ಮೂರೂ ಹೆಸರಿಗೆ ಮಾತ್ರ ಅವರವರವು. ನಾಮಕರಣವಿರಲಿ, ಹೆಣ್ಣು ಕೇಳಲು ಬರುವವರಿರಲಿ, ಪಾದ್ರಿ ಬರಲಿ, ಅವು ಆ ಮನೆಗೆ ಹೊರಟು ನಿಲ್ಲುತ್ತಿದ್ದವು. ಸೋಫಾವಂತೂ ಬಡಗಿಯ ಮನೆಯಲ್ಲಿ ಇದ್ದದ್ದಕ್ಕಿಂತ ಗುಡ್ಡದ ಮೆಟ್ಟಿಲುದಾರಿಯಲ್ಲಿ ಹೊತ್ತವರ ತಲೆಯ ಮೇಲೆ ಇದ್ದದ್ದೇ ಹೆಚ್ಚು.

ಹಾಗಾಗಿ ನಗರಸಭೆಯಿಂದ ಮನೆ ನೋಡಲು ಬರುತ್ತಾರೆ ಎಂದಾಗ ಸುನಿಲ್ದಾ ಅಜ್ಜಿಗೆ ಮೊದಲು ನೆನಪಾದದ್ದು ಸೋಫಾ.

ಅರ್ಜಿ ಹಾಕಿದ್ದವಳು ಮೊಮ್ಮಗಳು ಯಸ್ನಾ. ಅವಳು ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದಳು, ಗಂಡ ಎಲಿಸೆಯೋ ದಡದಲ್ಲಿ ಮೀನಿನ ಪೆಟ್ಟಿಗೆ ಇಳಿಸುತ್ತಿದ್ದ. ಅಂಥ ಸಣ್ಣ ಸಂಪಾದನೆಯ ಸಂಸಾರಗಳಿಗೆ ಬಾಡಿಗೆಯ ದೊಡ್ಡ ಪಾಲನ್ನು ಸರ್ಕಾರವೇ ಕಟ್ಟುವ ಏರ್ಪಾಟಿತ್ತು. ಅಜ್ಜಿಯ ಎರಡು ಕೋಣೆಯ ತಗಡಿನ ಮನೆಯಲ್ಲಿ ಎಂಟು ಜನ. ಯಸ್ನಾಳ ಎರಡು ಮಕ್ಕಳು ಮಲಗುತ್ತಿದ್ದದ್ದು ಊಟದ ಮೇಜಿನ ಕೆಳಗೆ. ದೊಡ್ಡವನು ಉದ್ದ ಬೆಳೆದು, ಬೆಳಗಾದರೆ ಮೇಜಿನ ಕಾಲಿಗೆ ಹಣೆ ಚಚ್ಚಿಕೊಂಡೇ ಏಳುತ್ತಿದ್ದ. ಇಕ್ಕಟ್ಟು ನಿಜವೇ ಎಂದು ನಗರಸಭೆಯವರು ಕಣ್ಣಾರೆ ನೋಡಿದ ಮೇಲೆಯೇ ಅರ್ಜಿ ಮುಂದೆ ಹೋಗುವುದು.

"ಅಜ್ಜಿ, ಏನೂ ಮುಟ್ಬೇಡ. ಹೇಗಿದ್ಯೋ ಹಾಗೇ ನೋಡ್ಲಿ," ಎಂದು ಹೇಳಿಯೇ ಯಸ್ನಾ ಬೆಳಗಿನ ಕೆಲಸಕ್ಕೆ ಹೋಗಿದ್ದಳು.

ಅಜ್ಜಿ ತಲೆಯಾಡಿಸಿದ್ದಳು. ಆದರೆ ಮೊಮ್ಮಗಳು ಮೆಟ್ಟಿಲಿಳಿದದ್ದೇ ತಡ, ಪಕ್ಕದ ಮನೆಯ ಉಬೆರ್ಲಿಂದಾಳ ಬಾಗಿಲಲ್ಲಿದ್ದಳು.

"ಇರೋ ಮನೇನೇ ನೆಟ್ಟಗೆ ಇಟ್ಕೊಳ್ದೋರಿಗೆ ಇನ್ನೊಂದು ಮನೆ ಯಾರು ಕೊಡ್ತಾರೆ, ನೀನೇ ಹೇಳೆ."

"ಯಾರೂ ಕೊಡಲ್ಲ," ಎಂದಳು ಉಬೆರ್ಲಿಂದಾ. ಅವಳಿಗೂ ಅದು ಸರಿಯೆಂದೇ ತೋರಿತು. "ಕಪ್ ತರ್ತೀನಿ. ನಿನ್ನ ಹಾಸಿಗೆಗಳನ್ನ ನನ್ನ ಮನೇಲಿ ಒಟ್ಟು."

ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಮನೆ ಮದುವೆ ಮನೆಯಂತಾಗಿತ್ತು. ಹಾಸಿಗೆಯೊಂದೂ ಕಾಣದು. ಕಿಟಕಿಗೆ ಪರದೆ, ಮೇಜಿನ ಮೇಲೆ ಹೂವು, ಬಿಸಿ ಬ್ರೆಡ್ಡು, ಅರೆದು ಉಪ್ಪು ಹಾಕಿದ ಬೆಣ್ಣೆಹಣ್ಣು.

ನಗರಸಭೆಯ ಪಾಮೆಲಾ ಬಾಗಿಲಿಗೆ ಬಂದಾಗ ಮೆಟ್ಟಿಲು ಹತ್ತಿ ಅವಳಿಗೆ ಉಸಿರೇ ಇರಲಿಲ್ಲ. ಅಜ್ಜಿ ಬೂಟು ಬಿಚ್ಚಿಸಿ, ಕೈ ಹಿಡಿದು ಸೋಫಾದ ಮೇಲೆ ಕೂರಿಸಿದಳು. ಪಾಮೆಲಾಳ ಹಿಂದೆಯೇ ಕೆಲಸದಿಂದ ಓಡಿ ಬಂದ ಯಸ್ನಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಪರದೆ ನೋಡಿದಳು, ಸೋಫಾ ನೋಡಿದಳು, ಅಜ್ಜಿಯನ್ನು ನೋಡಿದಳು. ಅಜ್ಜಿ ಬ್ರೆಡ್ಡಿನ ಕಡೆ ತಿರುಗಿಕೊಂಡಳು.

"ಈ ಮನೇಲಿ ಎಷ್ಟು ಜನ?" ಎಂದಳು ಪಾಮೆಲಾ.

"ಎಂಟು," ಎಂದಳು ಯಸ್ನಾ.

"ಎಂಟೂ ಜನಕ್ಕೆ ಜಾಗ ಆಗತ್ತಾ?"

"ಆರಾಮಾಗಿ, ತಾಯಿ," ಎಂದಳು ಅಜ್ಜಿ. "ಸಕ್ಕರೆ ಎಷ್ಟು ಹಾಕ್ಲಿ?"

ಯಸ್ನಾ ಕಣ್ಣು ಮುಚ್ಚಿಕೊಂಡಳು. ಇನ್ನೂ ಎಷ್ಟು ವರ್ಷ ಮಗ ಮೇಜಿನ ಕೆಳಗೆ ಮಲಗಬೇಕೋ ಎನ್ನುವುದೊಂದೇ ಅವಳ ತಲೆಯಲ್ಲಿತ್ತು.

ಪಾಮೆಲಾ ಚಹಾ ಗುಟುಕರಿಸಿದಳು. ಕಪ್ಪನ್ನು ಒಮ್ಮೆ ತಿರುಗಿಸಿ ನೋಡಿದಳು. ಆಮೇಲೆ ಸೋಫಾದ ಮೇಲೆ ಸ್ವಲ್ಪ ಪಕ್ಕಕ್ಕೆ ಜರುಗಿದಳು. ನಗು ತಡೆಯಲು ತುಟಿ ಕಚ್ಚಿಕೊಂಡಂತಿತ್ತು.

"ಅಜ್ಜಿ, ಈ ಕಪ್ ನನಗೆ ಪರಿಚಯ. ಹಿಡಿ ಹತ್ರ ಚೂರು ಹೋಗಿದೆ ನೋಡಿ. ಹೋದ ವಾರ ಕೆಳಗಿನ ಹಳದಿ ಮನೇಲಿ ಇದರಲ್ಲೇ ಕುಡಿದೆ. ಅದಕ್ಕೂ ಮುಂಚೆ ತಿರುವಿನ ಮನೇಲಿ. ಎಲ್ರೂ ಒಂದೇ ಅಂಗಡೀಲಿ ತಗೊಂಡ್ರೇನೋ ಅಂದ್ಕೊಂಡಿದ್ದೆ. ಆದ್ರೆ ಈ ಸೋಫಾದ ಸ್ಪ್ರಿಂಗು ಮೂರು ಮನೇಲೂ ಅದೇ ಜಾಗಕ್ಕೆ ಚುಚ್ಚತ್ತಲ್ಲ."

ಅಜ್ಜಿ ಚಹಾ ಪಾತ್ರೆಯನ್ನು ಕೆಳಗಿಟ್ಟಳು. "ಬಂದೋರನ್ನ ನೆಲದ ಮೇಲೆ ಕೂರಿಸೋಕಾಗತ್ತಾ ತಾಯಿ? ನನ್ನಮ್ಮ ಇದ್ದಾಗ್ಲಿಂದ ಈ ಮನೆಗೆ ಬಂದೋರು ಯಾರೂ ಹಾಗೆ ಕೂತಿಲ್ಲ."

"ಕೂರಿಸಿದ್ದು ಸಂತೋಷವೇ. ಆದ್ರೆ ನಾನು ಕಂಡಿದ್ದನ್ನೇ ಬರೀಬೇಕು. ಈಗ ಕಂಡಿದ್ದನ್ನ ಬರೆದ್ರೆ ನಿಮ್ಮ ಮೊಮ್ಮಗಳಿಗೆ ಮನೆ ಸಿಗಲ್ಲ." ಪಾಮೆಲಾ ಕಪ್ ಇಟ್ಟು ಎದ್ದಳು. "ಹಾಸಿಗೆ ಎಲ್ಲಿ?"

ಅಜ್ಜಿ ಗದ್ದದಲ್ಲೇ ಪಕ್ಕದ ಮನೆ ತೋರಿಸಿದಳು.

ಯಸ್ನಾ ಬಾಗಿಲಿಗೆ ಹೋಗಿ ಕೂಗಿದ ಒಂದು ಕೂಗಿಗೆ ಗುಡ್ಡದ ಕಿಟಕಿಗಳೆಲ್ಲ ತೆರೆದವು. ಉಬೆರ್ಲಿಂದಾ ಹಾಸಿಗೆಯೊಂದನ್ನು ತಬ್ಬಿಕೊಂಡೇ ಬಂದಳು. "ತಗೊಳ್ರಿ ನಿಮ್ಮ ಆಸ್ತಿ. ಬೆಳಿಗ್ಗೆಯಿಂದ ನನ್ನ ಮನೇಲಿ ಬೆಕ್ಕಿಗೂ ಜಾಗ ಇಲ್ಲ." ಅವಳ ಹಿಂದೆ ಬಡಗಿ, ಬೇಕರಿಯವಳು, ದಾರಿಯಲ್ಲಿ ಸುಮ್ಮನೆ ನಿಂತಿದ್ದವರು, ಎಲ್ಲರ ಹೆಗಲ ಮೇಲೂ ಒಂದೊಂದು.

"ಮೊದಲು ಸೋಫಾ ಆಚೆ ಹಾಕಬೇಕಿತ್ತು, ಬುದ್ಧಿವಂತ್ರಾ," ಎಂದ ಬಡಗಿ. ಹಾಗೆಂದವನೇ ಒಳಗೆ ನುಗ್ಗಿ ಸೋಫಾದ ಒಂದು ತುದಿ ಎತ್ತಿದ. ಸೋಫಾ ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡಿತು. ಹಾಸಿಗೆಗಳು ಅದರ ಮೇಲಿಂದಲೇ ಒಳಗೆ ಬಂದವು. ಅಜ್ಜಿ, ಇನ್ನು ಮುಚ್ಚಿಡುವುದೇನಿದೆ ಎಂಬಂತೆ, ರಾತ್ರಿ ಹಾಸುವ ಹಾಗೆಯೇ ಹಾಸುತ್ತ ಹೋದಳು. ಇದು ಮಗನದು, ಇದು ಸೊಸೆಯದು, ಇದು ವಿಧವೆ ತಂಗಿಯದು, ಮೇಜಿನ ಕೆಳಗಿನದು ಮಕ್ಕಳದು. ಗೋಡೆಯಿಂದ ಗೋಡೆಗೆ ನೆಲ ಮುಚ್ಚಿಹೋಯಿತು. ಪಾಮೆಲಾ ಮೂಲೆಯಲ್ಲಿ, ದಿಂಬೊಂದರ ಮೇಲೆ ನಿಂತಿದ್ದಳು. ಅವಳ ಬೂಟು ಆ ಕಡೆ, ಬಾಗಿಲ ಬಳಿ.

"ಈಗ ನಾನು ಆಚೆ ಹೋಗೋದು ಹೇಗೆ?"

"ನಾವು ರಾತ್ರಿ ಬಚ್ಚಲಿಗೆ ಹೋಗೋ ಹಾಗೆ," ಎಂದಳು ಯಸ್ನಾ. "ಹಾರ್ಕೊಂಡು."

ಪಾಮೆಲಾ ಅಜ್ಜಿಯ ಕೈ ಹಿಡಿದು ಹಾರಿದಳು. ಎರಡನೇ ಹಾಸಿಗೆಯ ಮೇಲೆ ಕಾಲು ಜಾರಿ ಕೂತೇಬಿಟ್ಟಳು. ಕೂತಲ್ಲಿಂದಲೇ ನಕ್ಕಳು, ಕೂತಲ್ಲಿಂದಲೇ ಬರೆದಳು. ಸೋಫಾವನ್ನು ಅಂತೂ ಆಚೆ ಎಳೆದ ಬಡಗಿ ಬಾಗಿಲಾಚೆಯಿಂದ ಇಣುಕಿ, "ಸೋಫಾಗಿಂತ ಮೆತ್ತಗಿದೆಯಾ ಮೇಡಂ?" ಎಂದು ಕೇಳಿದ.

"ಸ್ಪ್ರಿಂಗ್ ಇಲ್ಲ," ಎಂದಳು ಅವಳು. ಹೋಗುವಾಗ ಹಣೆ ಒರೆಸಿಕೊಂಡು ಕೆಳಗಿನ ಮೆಟ್ಟಿಲುಗಳತ್ತ ನೋಡಿದಳು. "ಆ ಇನ್ನೆರಡು ಮನೆಗೂ ಮತ್ತೊಂದು ಸಲ ಹೋಗ್ಬೇಕಲ್ಲ ಈಗ."

ಚಳಿಗಾಲ ಮುಗಿಯುವ ಹೊತ್ತಿಗೆ ಯಸ್ನಾಳ ಅರ್ಜಿ ಮಂಜೂರಾಯಿತು. ಪಕ್ಕದ ಗುಡ್ಡದಲ್ಲಿ ಸಮುದ್ರ ಕಾಣುವ ಎರಡು ಕೋಣೆಯ ಮನೆ ಸಿಕ್ಕಿತು. ಅವರು ಹೋದ ರಾತ್ರಿ ಅಜ್ಜಿ ನಿದ್ದೆಯಲ್ಲಿ ಕಾಲು ಚಾಚಿದರೆ ಯಾರಿಗೂ ತಗಲಲಿಲ್ಲ. ಎಚ್ಚರವಾಗಿ, ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡು ಮಲಗಿದ್ದಳು.

ಯಸ್ನಾಳ ಸಂಸಾರ ಹೊಸ ಮನೆಯಲ್ಲೇ ಇದೆಯೇ ಎಂದು ನೋಡಲು ಪಾಮೆಲಾ ಬರುವ ದಿನ ಅಜ್ಜಿ ಬೆಳಿಗ್ಗೆಯೇ ಹೊರಟು ನಿಂತಳು. ಉಬೆರ್ಲಿಂದಾ ಬುಟ್ಟಿ ಹಿಡಿದು ಅಡ್ಡ ಬಂದಳು.

"ಕಪ್ ಬೇಡ್ವೇನೇ? ಅಲ್ಲಿ ಇನ್ನೂ ಮೇಜೂ ಇಲ್ವಂತೆ."

"ಬೇಡ ಕಣೆ. ಹೇಗಿದ್ಯೋ ಹಾಗೇ ನೋಡ್ಲಿ."

ಅಜ್ಜಿ ನಾಲ್ಕು ಮೆಟ್ಟಿಲು ಇಳಿದಳು. ನಿಂತಳು. ಹಿಂದಿರುಗಿ ಬಂದು ಬುಟ್ಟಿಯೊಳಗೆ ಕೈ ಹಾಕಿದಳು.

"ಆ ಚೂರು ಹೋಗಿರೋದೊಂದನ್ನ ಕೊಡು. ಗುರುತಿನೋಳು ಬರ್ತಾಳೆ."