ಫಿಯೆಟ್ಟಿನ ಹಿಂದಿನ ಸೀಟು

ಸೀತಾರಾಮನಿಗೆ ಕಾರಿನ ಹುಚ್ಚು ಹತ್ತಿದ ಮೇಲೆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮೈಸೂರು ಬಿಟ್ಟು ಬಂದು ಚೆಂಬೂರಿನ ರಿಫೈನರಿಯಲ್ಲಿ ಇಂಜಿನಿಯರಾಗಿದ್ದ ಅವನು, ಹೊಸ ಕಾರಿಗೆ ಹೆಸರು ಬರೆಸಿದರೆ ಸರದಿ ಬರುವಷ್ಟರಲ್ಲಿ ಹೆಣ್ಣುಮಕ್ಕಳ ಮದುವೆಯೇ ಆಗಿಹೋಗುತ್ತದೆಂದು ಹಳೆಯದನ್ನೇ ಹುಡುಕಿದ. ಅಂಬಾಸಿಡರ್ ನಮ್ಮಂಥವರಿಗಲ್ಲ ಎಂದು ಮೊದಲೇ ತಳ್ಳಿಹಾಕಿದ್ದ. ಉಳಿದದ್ದು ಎರಡು, ಫಿಯೆಟ್ ಇಲ್ಲವೇ ಹೆರಾಲ್ಡ್.

ಎಪ್ಪತ್ಮೂರರ ಬೇಸಿಗೆಯಲ್ಲಿ ಎರಡೂ ಒಂದೇ ಕಡೆ ಸಿಕ್ಕವು. ಘಾಟ್ಕೋಪರಿನಲ್ಲಿ ಹಳೇ ಕಾರುಗಳ ವ್ಯಾಪಾರ ಮಾಡುವ ವಿಜಾಪುರದ ಅಣವೀರಪ್ಪನ ಅಂಗಳದಲ್ಲಿ ಬಿಳಿ ಹೆರಾಲ್ಡ್, ಬೂದು ಫಿಯೆಟ್ ಅಕ್ಕಪಕ್ಕ ನಿಂತಿದ್ದವು. ಸೀತಾರಾಮ ಹೆಂಡತಿ ಶಾಮಲಾಳನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋದ.

"ಕುಂತು ನೋಡ್ರಿ ಸಾಹೇಬ್ರ. ಎರಡೂ ಚಲೋ ಗಾಡಿನ ಅದಾವ," ಎಂದ ಅಣವೀರಪ್ಪ.

ಶಾಮಲಾಳ ಕಣ್ಣು ಹೆರಾಲ್ಡಿನ ಮೇಲೇ ನಿಂತಿತು. ಸಪೂರ ಕಂಬಗಳು, ಅಗಲ ಗಾಜುಗಳು, ಹಿಂದೆ ಚೂಪಾಗಿ ಎದ್ದ ಅಂಚು. "ನಿಂತಲ್ಲೇ ಓಡೋ ಹಾಗೆ ಕಾಣುತ್ತೆ ರೀ," ಎಂದಳು.

"ಅಂದ ನೋಡಿ ಕಾರು ತಗೊಳ್ತಾರೇನೆ?" ಸೀತಾರಾಮ ನಕ್ಕ. "ಫಿಯೆಟ್ಟಿಗೆ ಗಲ್ಲಿಗೊಬ್ಬ ಮೆಕ್ಯಾನಿಕ್ ಸಿಗ್ತಾನೆ. ಊರಿನ ಟ್ಯಾಕ್ಸಿಯೆಲ್ಲ ಅದೇ ತಾನೆ? ನಾಳೆ ಮಾರಿದ್ರೂ ಬೆಲೆ ಇದೆ. ಡಿಕ್ಕಿ ದೊಡ್ಡದು, ಸೀಟೂ ಅಗಲ."

ಮೊದಲು ಹೆರಾಲ್ಡಿನ ಹಿಂದಿನ ಸೀಟಿನಲ್ಲಿ ಶಾಮಲಾ, ದೊಡ್ಡ ಮಗಳು ನಳಿನಿ, ಚಿಕ್ಕವಳು ಪುಟ್ಟಿ ಮೂವರೂ ಹಾಯಾಗಿ ಕೂತರು. ಆಮೇಲೆ ಫಿಯೆಟ್. ನಳಿನಿ ಆ ಕಡೆಯ ಬಾಗಿಲಿಗೆ, ಶಾಮಲಾ ಈ ಕಡೆಯ ಬಾಗಿಲಿಗೆ ಒತ್ತಿಕೊಂಡರು. ಪುಟ್ಟಿ ಹೊರಗೇ ನಿಂತಿದ್ದಳು.

"ಅಮ್ಮಾ, ಜಾಗ ಇಲ್ವಲ್ಲ," ಎಂದಳು.

ಜಾಗ ಇರಲಿಲ್ಲ. ಶಾಮಲಾ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು. ತಾನೂ ನಳಿನಿಯೂ ಎರಡು ಕೊನೆಯಲ್ಲಿದ್ದೇವೆ, ನಡುವೆ ಸೀಟು ಖಾಲಿ ಬಿದ್ದಿದೆ ಎಂಬುದು ಅವಳಿಗೆ ಕಂಡದ್ದು ಆಮೇಲೆ. ಸರಿಯೋಣವೆಂದರೆ ಮೈ ಸರಿಯಲಿಲ್ಲ. ಯಾರೂ ತಡೆಯಲಿಲ್ಲ, ಲೋಕಲ್ ರೈಲಿನಲ್ಲಿ ಒಬ್ಬರು ಕೂತ ಜಾಗದಲ್ಲಿ ಇನ್ನೊಬ್ಬರು ಹೇಗೆ ಕೂರುವುದಿಲ್ಲವೋ ಹಾಗೆ.

"ಇದೇನೇ, ಹೆರಾಲ್ಡಿಗಿಂತ ಒಂದು ಗೇಣು ಹೆಚ್ಚಿದೆ!" ಸೀತಾರಾಮ ಅವರನ್ನು ಇಳಿಸಿ, ಸೀಟನ್ನು ಗೇಣಿನಿಂದ ಅಳೆಯತೊಡಗಿದ. ನಡುವಿಗೆ ಬಂದಾಗ ಅವನ ಕೈ ಸೀಟು ಬಿಟ್ಟು ಮೇಲೆದ್ದು, ಏನನ್ನೋ ದಾಟಿ, ಆಚೆ ಇಳಿಯಿತು. ಅದು ಅವನಿಗೆ ಗೊತ್ತಾಗಲಿಲ್ಲ. ಶಾಮಲಾಗೆ ಗೊತ್ತಾಯಿತು.

"ಯಾರದ್ರೀ ಈ ಕಾರು?" ಎಂದು ಅಣವೀರಪ್ಪನನ್ನು ಕೇಳಿದಳು.

"ಕೈಯಿಂದ ಕೈಗೆ ಬಂದೈತ್ರೀ ತಾಯಿ. ನಾ ಯಾವಾಗಲೂ ಮುಂದನ ಕುಂಡ್ರತೀನಿ. ಹಿಂದಿಂದು ನನಗ ಗೊತ್ತಿಲ್ಲ," ಎಂದು ಅವನು ಬೇರೆ ಕಡೆ ನೋಡಿದ.

ಫಿಯೆಟ್ ಮನೆಗೆ ಬಂತು. ಗಂಡ ಅಷ್ಟು ಲೆಕ್ಕಾಚಾರ ಹೇಳುತ್ತಿರುವಾಗ ಸೀಟಿನಲ್ಲಿ ಯಾರೋ ಇದ್ದಾರೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ದಿನ ಕಳೆದಂತೆ ಮಕ್ಕಳೂ ಕೇಳುವುದನ್ನು ಬಿಟ್ಟರು. ಶಾಮಲಾ ಮಕ್ಕಳ ಜೊತೆ ಹಿಂದೆಯೇ ಕೂರುತ್ತಿದ್ದಳು, ಪುಟ್ಟಿ ತಾನಾಗಿ ಅವಳ ತೊಡೆ ಏರುತ್ತಿದ್ದಳು. ಸೀತಾರಾಮನ ಸಹೋದ್ಯೋಗಿಗಳು ಹತ್ತಿದರೆ ಮುಂದೆ ಒಬ್ಬ, ಹಿಂದೆ ಇಬ್ಬರೇ ಕೂತು, ನಾಲ್ಕನೆಯವನು ಬಸ್ಸಿಗೆ ಹೋಗುತ್ತೇನೆನ್ನುತ್ತಿದ್ದ. ಯಾಕೆಂದು ಯಾರೂ ಯೋಚಿಸುತ್ತಿರಲಿಲ್ಲ.

ಮೇ ಕೊನೆಯ ಭಾನುವಾರ ಗೋರೆಗಾಂವಿನಲ್ಲಿದ್ದ ಶಾಮಲಾಳ ತಂಗಿ ಸುಮಿತ್ರಾಳ ಮನೆಗೆ ಊಟಕ್ಕೆ ಹೊರಟರು. ಡೇರಿ ಕಾಲೊನಿಯ ಮರಗಳ ನಡುವಿನ ರಸ್ತೆಯಲ್ಲಿ ಸೀತಾರಾಮ ಕಾರು ನಿಲ್ಲಿಸಿ, ಮಕ್ಕಳನ್ನು ಕರೆದುಕೊಂಡು ತಾಟಿನಿಂಗು ಕೊಳ್ಳಲು ಹೋದ. ಕಾರಿನಲ್ಲಿ ಶಾಮಲಾ ಒಬ್ಬಳೇ ಉಳಿದಳು. ಒಬ್ಬಳೇ ಆಗಿದ್ದರೆ ಬಾಗಿಲಿಗೆ ಯಾಕೆ ಹೀಗೆ ಒತ್ತಿಕೊಂಡಿದ್ದೇನೆ ಎನ್ನಿಸಿತು. ಪಕ್ಕದಲ್ಲಿ ಬಿಸಿಯಿತ್ತು; ಬಿಸಿಲಿನದಲ್ಲ, ಮೈಯದು.

ಅವಳು ಕೆಳಗಿಳಿದು, ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು.

"ಇಲ್ಲೇ ಇಳಿದುಬಿಡಿ," ಎಂದಳು. "ನೆರಳಿದೆ. ನಮಗೆ ಮಕ್ಕಳಿದ್ದಾರೆ."

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸೀಟಿನ ಸ್ಪ್ರಿಂಗು ಕಿರ್ರೆಂದು ಮೇಲೆದ್ದಿತು.

ಸೀತಾರಾಮ ಮರಳಿ ಬಂದು ಕಾರು ಬಿಟ್ಟಾಗ ಪುಟ್ಟಿ ನಡುವೆ ಕೂತು ಕಾಲು ಚಾಚಿದ್ದಳು. "ನೋಡಿದೆಯಾ, ಎಷ್ಟು ಅಗಲ!" ಎಂದು ಅವನು ಕನ್ನಡಿಯಲ್ಲಿ ನೋಡಿ ಹಿಗ್ಗಿದ. ಶಾಮಲಾ ಹಿಂದಿರುಗಿ ನೋಡಲಿಲ್ಲ.

ತಂಗಿಯ ಮನೆಯಲ್ಲಿ ಶಾಮಲಾ ತಟ್ಟೆಯ ಅನ್ನವನ್ನು ಕಲಸುತ್ತಲೇ ಕೂತಳು. ಇಷ್ಟು ದಿನ ಜೊತೆಗೆ ಕೂತು ಬಂದವರು, ಒಂದು ತೊಂದರೆ ಕೊಟ್ಟವರಲ್ಲ. ಗುರುತಿಲ್ಲದ ಜಾಗದಲ್ಲಿ ಬಿಟ್ಟು ಬಂದೆನಲ್ಲ ಎಂದು ಜೀವ ಕೊರೆಯಿತು. ಹೆದರಿಕೆಗಿಂತ ಅದೇ ಹೆಚ್ಚಾಯಿತು.

ಸಂಜೆ ಬಿಸಿಲಿರುವಾಗಲೇ ಅದೇ ದಾರಿಯಲ್ಲಿ ಹಿಂದಿರುಗಿದರು. ಆ ಮರಗಳ ಹತ್ತಿರ ಬಂದಾಗ, "ಒಂದ್ನಿಮಿಷ ನಿಲ್ಸಿ ರೀ," ಎಂದಳು.

"ಯಾಕೆ? ವಾಂತಿ ಬಂತೇ?"

ಅವಳು ಇಳಿದು ಬಾಗಿಲನ್ನು ತೆರೆದು ಹಿಡಿದಳು. ಒಂದು ಎಲೆಯೂ ಅಲುಗುತ್ತಿರಲಿಲ್ಲ. "ಬನ್ನಿ," ಎಂದು ಮೆಲ್ಲಗೆ ಕರೆದಳು. "ತಪ್ಪಾಯ್ತು. ಬನ್ನಿ."

ಪುಟ್ಟಿ ಕಿಟಕಿಯ ಹೊರಗೆ ನೋಡುತ್ತಲೇ ಎದ್ದು, ಅಕ್ಕನ ತೊಡೆಯ ಮೇಲೆ ಕೂತಳು. ಸ್ಪ್ರಿಂಗು ಕಿರ್ರೆಂದು ಇಳಿಯಿತು. ಶಾಮಲಾ ಉಸಿರು ಬಿಟ್ಟು ಹತ್ತಲು ಕಾಲೆತ್ತಿದಳು. ಅಷ್ಟರಲ್ಲಿ ಸೀತಾರಾಮ ಎಡಕ್ಕೆ ಬಾಗಿ, ಮುಂದಿನ ಬಾಗಿಲನ್ನು ತೆರೆದ. ತುಸು ಕಾದು ಮುಚ್ಚಿದ.

"ಅದ್ಯಾಕೆ ತೆರೆದ್ರಿ?"

"ಏನನ್ನ? ನಾನೇನು ತೆರೆದೆ?" ಎಂದು ಅವನು ರೇಗಿದ. "ಹತ್ತು ಬೇಗ."

ಹತ್ತಿದಳು. ಹತ್ತಿದ ಮೇಲೆ ಗೊತ್ತಾಯಿತು, ಪಕ್ಕದ ಮೈಯ ಬಿಸಿ ಮೊದಲಿನದಲ್ಲ. ಈ ಜೀವ ದಪ್ಪ, ಇದರ ಉಸಿರಾಟ ಜೋರು. ಅವಳ ಬಳೆಗಳು ಬಾಗಿಲಿಗೆ ಒತ್ತಿ ಒಂದು ಒಡೆಯಿತು.

ಮುಂದೆ ಉದ್ದನೆಯ ಸೀಟಿನಲ್ಲಿ ಸೀತಾರಾಮ ಒಬ್ಬನೇ ಇದ್ದ. ಆದರೂ ಬಲಗಡೆಗೆ ಸರಿದು ಸರಿದು, ಭುಜ ಬಾಗಿಲಿಗೆ ತಾಗಿಸಿ, ಮೊಣಕೈ ಕಿಟಕಿಯ ಹೊರಗೆ ಚಾಚಿ ನಡೆಸುತ್ತಿದ್ದ. ಗೇರು ಬದಲಿಸುವಾಗ ಎಡಗೈಯನ್ನು ಯಾರಿಗೂ ತಾಗದ ಹಾಗೆ ಮೈಗೆ ಹತ್ತಿರವೇ ಹಿಡಿಯುತ್ತಿದ್ದ. ದಾರಿಯುದ್ದಕ್ಕೂ ಅವನು ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು.

ಚೆಂಬೂರಿನ ಬಿಲ್ಡಿಂಗಿನ ಕೆಳಗೆ ಕಾರು ನಿಂತಿತು. ಶಾಮಲಾ ಮಕ್ಕಳ ಕೈ ಹಿಡಿದು ನೇರ ಮೆಟ್ಟಿಲು ಹತ್ತಿದಳು. ಸೀತಾರಾಮ ಬರುವುದು ತಡವಾಯಿತು. ಅವಳು ಬಾಲ್ಕನಿಗೆ ಬಂದು ಬಗ್ಗಿ ನೋಡಿದಳು. ಅವನು ಕಾರನ್ನು ಸುತ್ತುತ್ತ, ಒಂದೊಂದಾಗಿ ನಾಲ್ಕೂ ಕಿಟಕಿಗಳ ಗಾಜನ್ನು ಅರ್ಧಕ್ಕೆ ಇಳಿಸುತ್ತಿದ್ದ. ಆಮೇಲೆ ಬಾಗಿಲುಗಳಿಗೆ ಕೀಲಿ ಹಾಕದೆ ಮೇಲೆ ಬಂದ.

"ಗಾಜು ಯಾಕೆ ಇಳಿಸಿದ್ರಿ?" ಎಂದು ಕೇಳಿದಳು.

ಅವನು ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು, ನೀರು ಕೇಳಿ ಕುಡಿದ.

"ಒಳಗೆ ಬಹಳ ಸೆಖೆ ಕಣೇ," ಎಂದ. "ಪಾಪ."