ತಂಗಿಯ ತೊಟ್ಟಿಗೆ ಸುರಿದ ಮರಳು

ತಂಗಿ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಮುದುಕ ಗಾರೆಯವನು ಅಂಗಳದಲ್ಲಿ ಕೂತು ಕರಣೆಗೆ ಎಣ್ಣೆ ಸವರುತ್ತಿದ್ದ. ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಅದಕ್ಕೆ ತುಕ್ಕು ಹಿಡಿಯಗೊಡುತ್ತಿರಲಿಲ್ಲ. ಫೋನಿನಲ್ಲಿ ತಂಗಿಯ ಮಗಳು "ಮಾವಾ" ಎಂದಳು. ಮುಂದೆ ಮಾತು ಹೊರಡಲಿಲ್ಲ. ಹತ್ತು ದಿನದಿಂದ ತಂಗಿ ಆಸ್ಪತ್ರೆಯಲ್ಲಿದ್ದಳು. ಅವನಿಗೆ ಅಷ್ಟೇ ಸಾಕಾಯಿತು.

ಮೊದಲು ಅಳು ಬರಲಿಲ್ಲ, ನಾಚಿಕೆ ಬಂತು. ಬಾಯಿಬಿಟ್ಟು ಏನನ್ನೂ ಕೇಳದ ತಂಗಿ ಅವನನ್ನು ಕೇಳಿದ್ದು ಒಂದಿಷ್ಟು ಮರಳು. ಅವಳು ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ್ದಳು.

"ಅಣ್ಣಾ, ತಳದಲ್ಲಿರೋದು ಚೂಪು ಕಲ್ಲು. ತಳ ಕೆದಕೋ ಮೀನಿನ ಮೀಸೆಯೆಲ್ಲ ಸವೆದು ಹೋಗ್ತಿದೆ. ಜನ್ಮವೆಲ್ಲ ಮರಳು ಹೊತ್ತವನು, ನನಗೊಂದು ಚೀಲ ತಂದುಕೊಡೋಕಾಗಲ್ವಾ?" ಎಂದಿದ್ದಳು.

"ನನಗೂ ಮೀಸೆ ಇದೆ. ಅದರ ಬಗ್ಗೆ ಯಾರೂ ಇಷ್ಟು ಚಿಂತೆ ಮಾಡಿದ್ದಿಲ್ಲ," ಎಂದು ಅವನು ನಕ್ಕಿದ್ದ. ಮುಂದಿನ ವಾರ ತರುತ್ತೇನೆ ಎಂದಿದ್ದ. ಆ ಮುಂದಿನ ವಾರಕ್ಕೆ ನಾಲ್ಕು ತಿಂಗಳಾಗಿತ್ತು.

ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ಅವನು ಎರಡು ಚೀಲ ಹೊಳೆಮರಳು, ತನ್ನ ಹಳೆಯ ಜರಡಿ, ಒಂದು ಬಕೆಟ್ ಹೊತ್ತುಕೊಂಡು ತಂಗಿಯ ಮನೆಗೆ ಬಂದ. ಸತ್ತವಳಿಗೆ ಕೊಟ್ಟ ಮಾತು ಉಳಿದಿದೆ, ಅದನ್ನಾದರೂ ತೀರಿಸೋಣ ಎಂಬುದು ಅವನ ಮನಸ್ಸು.

ತಂಗಿಯ ಗಂಡ ದರ್ಜಿ. ಗಾರೆಯವನು ಅವನನ್ನು ಮದುವೆಯ ದಿನದಿಂದ ಕರೆಯುತ್ತಿದ್ದುದು ಕತ್ತರಿ ಎಂದೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಮೂರಡಿ ಉದ್ದದ ತೊಟ್ಟಿ. ಮೂಲೆಯಲ್ಲಿ ಫಿಲ್ಟರ್ ಸಣ್ಣಗೆ ಗುಂಯ್‌ಗುಡುತ್ತಿತ್ತು. ಒಳಗೆ ಆರು ಮೀನು.

"ಭಾವ, ಮರಳು ಹೇಗೆ ಹಾಕಬೇಕು ಅಂತ ಅವಳು ಚೀಟಿ ಬರೆದಿಟ್ಟಿದ್ದಾಳೆ. ಕೆಳಗಿನ ಗೂಡಿನ ಬಾಗಿಲ ಒಳಗಡೆ ಅಂಟಿಸಿದ್ದಾಳೆ ನೋಡು," ಎಂದ ಕತ್ತರಿ.

"ಮರಳು ಹಾಕೋಕೆ ಚೀಟಿಯೇ? ಮೀನಿಗೆ ಈಜು ಕಲಿಸ್ತೀಯೇನೋ ಕತ್ತರಿ! ಐವತ್ತು ವರ್ಷ ಅದರಲ್ಲೇ ಕೈಯಾಡಿಸಿದವನು ನಾನು."

"ಆಯ್ತಪ್ಪ. ಗುಂಡಿ ಹೊಲಿಯೋನಿಗೆ ಏನು ಗೊತ್ತು," ಎಂದು ಕತ್ತರಿ ಒಳಗೆ ಹೋಗಿ ಮಲಗಿದ. ಹೆಂಡತಿ ಹೋದ ಮೇಲೆ ಅವನು ಮಲಗುವುದೇ ಹೆಚ್ಚಾಗಿತ್ತು.

ಗಾರೆಯವನು ಹಿತ್ತಲಿನಲ್ಲಿ ಜರಡಿ ಹಿಡಿದು ಕೂತ. ಗೋಡೆಗೆ ಕೊನೆಯ ಲೇಪ ಕೊಡುವಾಗ ಮರಳು ಎಷ್ಟು ನಯವೋ ಕೆಲಸ ಅಷ್ಟು ಚೆಂದ. ತಂಗಿಯ ಮೀನಿಗೂ ನಯವಾದದ್ದೇ ಇರಲಿ ಎಂದು ಅವನು ದಪ್ಪ ಕಾಳನ್ನೆಲ್ಲ ಆಚೆ ಚೆಲ್ಲಿ, ಹಿಟ್ಟಿನಂಥ ಪುಡಿಯನ್ನು ಬಕೆಟ್ಟಿಗೆ ತುಂಬಿದ. ಜರಡಿಯ ಅಂಚಿನಲ್ಲಿ ಹಳೆಯ ಸಿಮೆಂಟು ಹಕ್ಕಳೆಗಟ್ಟಿತ್ತು. ಪ್ರತಿ ಸಲ ತಟ್ಟಿದಾಗಲೂ ಅದು ಉದುರಿ ಮರಳಿಗೆ ಬೆರೆಯಿತು. ಅದು ಅವನ ಕಣ್ಣಿಗೆ ಬೀಳಲಿಲ್ಲ. ಸಿಮೆಂಟಿನ ಧೂಳು ಅವನ ಪಾಲಿಗೆ ಉಸಿರಾಡುವ ಗಾಳಿ ಇದ್ದ ಹಾಗೆ. ತೊಳೆಯುವ ಯೋಚನೆಯೂ ಬರಲಿಲ್ಲ. ಜರಡಿ ಹಿಡಿದ ಮರಳು ಶುದ್ಧ ಎಂದೇ ಅವನ ಕಸುಬು ಅವನಿಗೆ ಕಲಿಸಿತ್ತು.

ಫಿಲ್ಟರನ್ನು ಅವನು ನಿಲ್ಲಿಸಲಿಲ್ಲ. ನೀರು ತಿರುಗುತ್ತಿದ್ದರೆ ಧೂಳು ಬೇಗ ಹೋದೀತು ಎಂದುಕೊಂಡು ತಳದ ಕಲ್ಲಿನ ಮೇಲೆಯೇ ಬಕೆಟ್ಟನ್ನು ಒಂದೇ ಸಲಕ್ಕೆ ಬಗ್ಗಿಸಿದ. ತೊಟ್ಟಿಯ ನೀರು ಸುಣ್ಣದ ನೀರಾಯಿತು. ಮೀನು ಕಾಣಿಸಲಿಲ್ಲ. ಫಿಲ್ಟರಿನ ಗುಂಯ್‌ಗುಡುವ ಸದ್ದು ಕರಕರ ಎಂದಿತು, ಹಲ್ಲು ಕಡಿದಂತೆ ಕೇಳಿಸಿತು, ನಿಂತೇಹೋಯಿತು. ಅವನು ಪ್ಲಗ್ ಕಿತ್ತು ಮತ್ತೆ ಹಾಕಿದ. ಅದು ಒಮ್ಮೆ ನಡುಗಿತು, ಅಷ್ಟೇ.

ಆಗಲೇ ಕತ್ತರಿಯನ್ನು ಎಬ್ಬಿಸಿದ್ದರೆ ಎಲ್ಲವೂ ಬದುಕುತ್ತಿದ್ದವೇನೋ. ಅವನು ಎಬ್ಬಿಸಲಿಲ್ಲ. ತೊಟ್ಟಿಯ ಮೇಲೆ ಬಟ್ಟೆ ಎಳೆದ. ಸಂಜೆ ಕತ್ತರಿ ಕೇಳಿದ್ದಕ್ಕೆ, "ಆಯ್ತು. ನಾಳೆಗೆ ತಿಳಿಯಾಗುತ್ತೆ, ಮುಟ್ಟಬೇಡಿ," ಎಂದ. ರಾತ್ರಿ ಅಲ್ಲೇ ಉಳಿದ.

ಬೆಳಿಗ್ಗೆ ಬಟ್ಟೆ ತೆಗೆದವನು ಕತ್ತರಿ. ಎರಡು ಮೀನು ಮಗ್ಗುಲಾಗಿ ತೇಲುತ್ತಿದ್ದವು, ಅದರಲ್ಲೊಂದು ಮೀಸೆಯದು. ಉಳಿದ ನಾಲ್ಕು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕತ್ತರಿ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತ.

"ಭಾವ, ನಿನ್ನೆ ಬೆಳಿಗ್ಗೆ ನಾನು ಒಂದು ಹಿಡಿ ಮೀನಿನ ಕಾಳು ಹಾಕ್ದೆ. ಏನೂ ತೋಚದೆ ಹಾಕ್ಬಿಟ್ಟೆ. ಅದಕ್ಕೇ ಹೀಗಾಯ್ತೇನೋ?"

ಗಾರೆಯವನು ಹೇಳಬೇಕಾದದ್ದು ಒಂದು. ಬಾಯಿಂದ ಹೊರಟದ್ದು ಬೇರೆ.

"ಇರಬಹುದು," ಎಂದ.

ಟೀ ಹಿಡಿದು ಬಂದ ಮಗಳು ಅದನ್ನು ಕೇಳಿಸಿಕೊಂಡಳು. "ಅಪ್ಪಾ! ಚಿಟಿಕೆ ಹಾಕು, ಚಿಟಿಕೆ ಹಾಕು ಅಂತ ಅಮ್ಮ ದಿನಾ ಬಡ್ಕೊಳ್ತಿದ್ಲಲ್ಲ. ಒಂದು ಹಿಡಿ ಹಾಕೋದಾ?"

ಕತ್ತರಿ ಪಾಠ ಬಾರದ ಹುಡುಗನಂತೆ ತಲೆ ತಗ್ಗಿಸಿದ. "ನನ್ನ ಕೈಯೇ ಸರಿಯಿಲ್ಲಮ್ಮ. ಕೊನೇ ದಿನ ಬೇಡ ಬೇಡ ಅಂದ್ರೂ ಅವಳಿಗೆ ಹಾಲು ಕುಡಿಸಿದೆ. ಕೆಮ್ಮು ಹತ್ತಿತು. ಆಮೇಲೆ ಅವಳು ಮಾತೇ ಆಡಲಿಲ್ಲ. ನಾನು ಉಣಿಸಿದ್ದು ಯಾವುದೂ ಉಳಿಯಲ್ಲ."

ಮಗಳ ಮುಖ ಇಳಿದುಹೋಯಿತು. ಅವಳು ಟೀ ಅಲ್ಲೇ ಇಟ್ಟು ಅಡುಗೆಮನೆಗೆ ಹೋದಳು. ಗಾರೆಯವನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ತಾನು ಆಡಿದ ಒಂದೇ ಮಾತು ಹೋಗಿ ಎಲ್ಲಿಗೆ ಚುಚ್ಚಿತೆಂಬುದನ್ನು ಅವನು ಕಣ್ಣಾರೆ ಕಂಡಿದ್ದ.

ಹಿತ್ತಲಿಗೆ ಹೋಗಿ ಕೈಕಾಲು ತೊಳೆದು, ದಿನವೂ ಮಾಡುವಂತೆ ಕಣ್ಣು ಮುಚ್ಚಿ ನಿಂತ. ಎಂಟನೆಯ ವಯಸ್ಸಿನಿಂದ ತಪ್ಪದ ಪ್ರಾರ್ಥನೆ. ಮೊದಲ ಸಾಲೇ ನೆನಪಾಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅವನು ಕೈಕೆಳಗಿನ ಕೆಲಸಗಾರರಿಗೆ ಎಷ್ಟು ಸಲ ಹೇಳಿದ್ದನೋ! ಅವನ ಮಾನ ಹೋದದ್ದು ಅಡಿಕೆಗೂ ಅಲ್ಲ, ಒಂದು ಬಕೆಟ್ ಮರಳಿಗೆ.

ಒಳಗೆ ಬಂದು ಮಂಡಿಯೂರಿ ತೊಟ್ಟಿಯ ಕೆಳಗಿನ ಗೂಡು ತೆರೆದ. ತಂಗಿಯ ದುಂಡಗಿನ ಅಕ್ಷರ.

"ಮರಳನ್ನು ನೀರು ತಿಳಿಯಾಗುವವರೆಗೆ ತೊಳೆಯಬೇಕು, ಏಳೆಂಟು ಸಲ. ಹಾಕುವ ಮೊದಲು ಫಿಲ್ಟರ್ ನಿಲ್ಲಿಸಬೇಕು. ನೀರು ಹೀರುವ ಬಾಯಿಯನ್ನು ತಳದಿಂದ ಅರ್ಧ ಗೇಣು ಮೇಲಕ್ಕೆ ಏರಿಸಿ ಸ್ಪಂಜು ಕಟ್ಟಬೇಕು. ಮರಳನ್ನು ತಟ್ಟೆಯ ಮೇಲೆ ನಿಧಾನವಾಗಿ ಇಳಿಸಬೇಕು. ಎಲ್ಲ ಕೂತ ಮೇಲೆಯೇ ಫಿಲ್ಟರ್. ಇದನ್ನು ಅಣ್ಣನಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಅವನಾಗಿ ಓದುವವನಲ್ಲ."

ಅವನು ಆ ಕೊನೆಯ ಸಾಲನ್ನು ಎರಡು ಸಲ ಓದಿದ. ಆಮೇಲೆ ಎದ್ದು, ಹಿತ್ತಲಿನಲ್ಲಿದ್ದ ಜರಡಿಯ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಮಗಳನ್ನೂ ಕರೆದು, ಕತ್ತರಿಯ ಎದುರು ನಿಂತ.

"ಕತ್ತರೀ, ನಿನ್ನ ಕೈಯಲ್ಲ ಕಣೋ, ನನ್ನದು. ತೊಳೆಯದೆ ಸುರಿದೆ. ಸಿಮೆಂಟು ಹತ್ತಿದ ಜರಡಿ. ಫಿಲ್ಟರ್ ನಿನ್ನೆ ಮಧ್ಯಾಹ್ನವೇ ನಿಂತುಹೋಗಿತ್ತು. ಗೊತ್ತಿದ್ದೂ ಬಟ್ಟೆ ಮುಚ್ಚಿದೆ."

ಕತ್ತರಿ ಅವನತ್ತ ತಿರುಗಿದ. "ಬೆಳಿಗ್ಗೆ ಕೇಳಿದಾಗ ಇರಬಹುದು ಅಂದೆ."

"ಅಂದೆ."

"ಮೀನು ಸತ್ತರೆ ಸಾಯಲಿ. ನಾನು ಹಾಗೆ ನಿಂತಿದ್ದಾಗ, ನೀನು..." ಎಂದವನು ಮಾತು ಮುಗಿಸದೆ ಮುಖ ತಿರುಗಿಸಿದ.

"ಜಗಳ ಆಮೇಲೆ ಆಡಿ. ಮೊದಲು ಇರೋ ನಾಲ್ಕು ಉಳಿಸಿ," ಎಂದಳು ಮಗಳು. ಅವಳೂ ಅಪ್ಪನ ಕಡೆ ನೋಡಲಾರದೆ ಬಕೆಟ್ ಹುಡುಕುತ್ತಿದ್ದಳು.

ತಂಗಿ ಡ್ರಮ್ಮಿನಲ್ಲಿ ಯಾವಾಗಲೂ ಹಿಡಿದಿಡುತ್ತಿದ್ದ ಹಳೆಯ ನೀರನ್ನು ಬಕೆಟ್ಟಿಗೆ ತುಂಬಿ ಮೀನುಗಳನ್ನು ಬಿಟ್ಟರು. ಕತ್ತರಿ ಕನ್ನಡಕ ಏರಿಸಿ ಫಿಲ್ಟರ್ ಬಿಚ್ಚಿದ. ಒಳಗಿನ ಪುಟ್ಟ ಚಕ್ರದ ಸಂದಿನಿಂದ ಹೊಲಿಗೆ ಸೂಜಿಯ ಮೊನೆಯಲ್ಲಿ ಒಂದೊಂದೇ ಕಣ ಕೆದಕಿ ತೆಗೆದ. ಸ್ಪಂಜನ್ನು ಅದೇ ಹಳೆಯ ನೀರಿನಲ್ಲಿ ಹಿಂಡಿದ. ಗಾರೆಯವನು ಕಲ್ಲು, ಮರಳು ಎಲ್ಲ ತೆಗೆದು ತೊಟ್ಟಿ ಬರಿದು ಮಾಡಿ ಉಜ್ಜಿದ. ಜರಡಿ ಮುಟ್ಟದ ಎರಡನೆಯ ಚೀಲವನ್ನು ಹಿತ್ತಲಿನ ನಲ್ಲಿಯ ಕೆಳಗೆ ತೊಳೆದ. ಏಳಾಯಿತು, ಎಂಟಾಯಿತು, ಹನ್ನೊಂದನೆಯ ಸಲಕ್ಕೆ ನೀರು ತಿಳಿಯಾಯಿತು.

ಚೀಟಿಯಲ್ಲಿದ್ದಂತೆಯೇ ಮರಳು ಇಳಿಸಿ ನೀರು ತುಂಬಿದರು. ಮಧ್ಯಾಹ್ನ ಕಳೆದ ಮೇಲೆ ಫಿಲ್ಟರ್ ಮತ್ತೆ ಗುಂಯ್‌ಗುಟ್ಟಿತು. ನಾಲ್ಕರಲ್ಲಿ ಮೂರು ಚೇತರಿಸಿಕೊಂಡವು. ಒಂದು ಬಕೆಟ್ಟಿನಲ್ಲೇ ಹೋಗಿತ್ತು. ಕತ್ತರಿ ಅವನನ್ನು ಭಾವ ಎಂದು ಕರೆಯಲಿಲ್ಲ. ಮಗಳ ಕಡೆ ತಿರುಗಿ, "ನಿಮ್ಮ ಮಾವನಿಗೆ ಊಟ ಬಡಿಸು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದ.

"ನೀನೇ ಕರಿ, ಇಲ್ಲೇ ನಿಂತಿದ್ದಾರೆ."

"ನಾನು ಕರೆಯಲ್ಲ. ನೀನು ಬಡಿಸು."

ಗಾರೆಯವನು ಆ ತಟ್ಟೆಯ ಮುಂದೆ ಕೂರುವ ಮೊದಲು ಹಿತ್ತಲಿಗೆ ಹೋದ. ಬೆರಳುಗಳೆಲ್ಲ ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ್ದವು. ಕೈ ಜೋಡಿಸಿದ. ಬಾಯಿಪಾಠದ ಸಾಲುಗಳು ಈಗಲೂ ಬರಲಿಲ್ಲ. ಬಂದ ಮಾತನ್ನೇ ಆಡಿದ.

"ದೇವರೇ, ನನ್ನ ತಂಗಿ ನಿನ್ನ ಹತ್ತಿರ ಬಂದಿದ್ದಾಳೆ. ಅವಳು ಕೇಳುವುದು ಕಡಿಮೆ. ಕೇಳಿದರೆ ನನ್ನ ಹಾಗೆ ನಾಳೆ ಅನ್ನಬೇಡ. ಅವಳ ಗಂಡ ಕುಡಿಸಿದ ಹಾಲು ಪ್ರೀತಿಯದು ಅಂತ ಅವಳಿಗೆ ಗೊತ್ತಿರಲಿ, ಅವನಿಗೂ ಗೊತ್ತಾಗಲಿ. ನನ್ನ ಪಾಪ ನನಗಿರಲಿ, ಅವಳಿಗೆ ತಾಗದಿರಲಿ. ಅವಳಿಗೆ ನೋವಿಲ್ಲದ ಜಾಗ ಕೊಡು. ಅವಳ ಆತ್ಮಕ್ಕೆ ಶಾಂತಿ ಕೊಡು."