ಇಪ್ಪತ್ತಕ್ಕೆ ಹನ್ನೆರಡು

ನನ್ನ ಭಾಮೈದ ಲಿಫ್ಟ್ ಮೆಕ್ಯಾನಿಕ್. ಸಂಜೆ ಆರಕ್ಕೆ ಕೆಲಸ ಮುಗಿಸಿ ಬಂದು, ಗ್ರೀಸು ಮೆತ್ತಿದ ಕೈಯನ್ನು ನಮ್ಮ ಬಚ್ಚಲಲ್ಲಿ ತೊಳೆದುಕೊಂಡು, ಊಟದ ಮೇಜಿನ ಆ ಬದಿಗೆ ಕೂರುತ್ತಿದ್ದ. ಈ ಬದಿಗೆ ನಾನು. ಇಬ್ಬರ ಕೈಯಲ್ಲೂ ಫೋನು. ಎದುರೆದುರು ಕೂತು ಒಬ್ಬರ ಮುಖ ಒಬ್ಬರು ನೋಡದೆ ಆಡುವ ಇಸ್ಪೀಟು ಅಂತ ನನ್ನ ಹೆಂಡತಿ ಹಾಸ್ಯ ಮಾಡುತ್ತಿದ್ದಳು. ಇಸ್ಪೀಟಲ್ಲ ಎಂದು ನಾನು ಪ್ರತಿ ಸಲವೂ ತಿದ್ದುತ್ತಿದ್ದೆ.

ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟು. ಫೋನಿನ ಈ ಆಟದಲ್ಲಿ ಸಾವಿರಾರು ಕಾರ್ಡುಗಳಿಂದ ಮೂವತ್ತನ್ನು ಆರಿಸಿ ಅವರವರ ಕಟ್ಟನ್ನು, ಅಂದರೆ ಡೆಕ್ಕನ್ನು, ಅವರವರೇ ಕಟ್ಟಿಕೊಂಡು ಬರಬೇಕು. ಆರಂಭದಲ್ಲಿ ಮೂರು ಕಾರ್ಡು ಕೈಗೆ ಬರುತ್ತವೆ, ಆಮೇಲೆ ಸರದಿಗೊಂದು. ಅಗ್ಗದ ಪುಟ್ಟ ಸೈನಿಕರನ್ನು ತುಂಬಿಕೊಂಡು ಐದನೇ ಸರದಿಯೊಳಗೆ ಎದುರಾಳಿಯನ್ನು ಮುಗಿಸುವುದು ಒಂದು ದಾರಿ. ಅದಕ್ಕೆ ನಾವು ಇರುವೆ ಡೆಕ್ ಅನ್ನುತ್ತಿದ್ದೆವು. ಗೋಡೆ ಕಾರ್ಡುಗಳ ಹಿಂದೆ ಅವಿತು ಎಂಟನೇ ಸರದಿಯವರೆಗೆ ಜೀವ ಹಿಡಿದುಕೊಂಡಿದ್ದು, ಆಗ ಗಡಿಯಾರ ಗೋಪುರ ಎಂಬ ದೊಡ್ಡ ಕಾರ್ಡನ್ನು ಇಳಿಸಿ ಗೆಲ್ಲುವುದು ಇನ್ನೊಂದು ದಾರಿ. ನನ್ನದು ಈ ಎರಡನೆಯದು.

ನಮ್ಮದು ಎಂಟು ಜನರ ಗುಂಪು. ಭಾನುವಾರ ಬೆಳಿಗ್ಗೆ ಕನ್ನಡಕದಂಗಡಿಯ ಮೇಲಿನ ಕೋಣೆಯಲ್ಲಿ ಸೇರುತ್ತಿದ್ದೆವು. ಅಂಗಡಿಯ ಯಜಮಾನರೂ ಆಟಗಾರರೇ. ಅಲ್ಲಿ ನನ್ನ ಹೆಸರು ಡಾಕ್ಟ್ರು. ನಾನು ಡಾಕ್ಟರಲ್ಲ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹಿರಿಯ ಟೆಕ್ನಿಶಿಯನ್. ಸೋತವರು ತಮ್ಮ ಡೆಕ್ಕನ್ನು ನನ್ನ ಮುಂದೆ ಹಿಡಿಯುತ್ತಿದ್ದರು, ಯಾವ ಕಾರ್ಡು ತೆಗೆಯಬೇಕು, ಯಾವುದನ್ನು ಹಾಕಬೇಕು ಎಂದು ಲೆಕ್ಕ ಹಾಕಿ ಹೇಳುತ್ತಿದ್ದೆ. ಅದಕ್ಕೇ ಆ ಹೆಸರು ಅಂಟಿಕೊಂಡಿತ್ತು. ಏಳು ವರ್ಷ ನಾನು ಕಟ್ಟಿದ ಡೆಕ್ಕುಗಳಲ್ಲಿ ಬೇರೆಯವರು ಗೆದ್ದರು, ಅವರಲ್ಲಿ ಭಾಮೈದನೇ ಹೆಚ್ಚು. ಗೆದ್ದವರು ಬೆನ್ನು ತಟ್ಟಿ ಹೋಗುತ್ತಿದ್ದರು. ಗಣಿತದ ಟೀಚರೊಬ್ಬರಿದ್ದರು, ಇರುವೆ ಡೆಕ್ಕಿನವರು, ಬಾಯಿಯೂ ಅಷ್ಟೇ ಚುರುಕು. ಒಮ್ಮೆ ಅವರು, "ಅಡುಗೆಯೋರಿಗೆ ಉಣ್ಣೋ ಆಸೆ ಇರಲ್ಲ ಬಿಡಿ ಡಾಕ್ಟ್ರೇ" ಅಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ಈ ವರ್ಷ ಊರೂರುಗಳ ಆಟಗಾರರು ಸೇರುವ ದೊಡ್ಡ ಪಂದ್ಯಕ್ಕೆ ನಮ್ಮ ಗುಂಪಿನಿಂದ ಒಬ್ಬರಿಗೆ ಜಾಗ ಸಿಕ್ಕಿತು. ಎಂಟೂ ಜನ ಒಬ್ಬರೊಡನೊಬ್ಬರು ಆಡುವುದು, ಹೆಚ್ಚು ಗೆದ್ದವರು ಹೋಗುವುದು ಎಂದು ತೀರ್ಮಾನವಾಯಿತು. ಈ ಸಲ ಆ ಜಾಗ ನನಗೆ ಬೇಕು ಎಂದು ಎಲ್ಲರೆದುರು ಹೇಳಿದೆ. ಪಂದ್ಯದ ಆಸೆಗಿಂತ ದೊಡ್ಡದೊಂದು ಆಸೆ ಅದರ ಹಿಂದಿತ್ತು. ನಾನು ಬರೀ ಕಟ್ಟುವವನೋ, ಆಡಲೂ ಬಲ್ಲವನೋ ಎಂಬುದು ನನಗೇ ಗೊತ್ತಾಗಬೇಕಿತ್ತು.

ಲ್ಯಾಬಿನವನಾದ್ದರಿಂದ ಆ ಪ್ರಶ್ನೆಗೂ ಲ್ಯಾಬಿನ ರೀತಿಯಲ್ಲೇ ಉತ್ತರ ಹುಡುಕಹೊರಟೆ. ಭಾಮೈದ ಇರುವೆ ಡೆಕ್ ಹಿಡಿಯುವುದು, ನಾನು ಗೋಪುರದ ಡೆಕ್ ಹಿಡಿಯುವುದು, ಇನ್ನೂರು ಆಟ ಆಡುವುದು, ಪ್ರತಿಯೊಂದನ್ನೂ ಬರೆದಿಡುವುದು. ಗೆರೆಯ ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಇಪ್ಪತ್ತು ಆಟ: ದಿನಾಂಕ, ಗೋಡೆ ಕೈಗೆ ಬಂತೋ ಇಲ್ಲವೋ, ಎಷ್ಟನೇ ಸರದಿಯಲ್ಲಿ ಮುಗಿಯಿತು, ಗೆಲುವೋ ಸೋಲೋ. ಪುಟದ ಕೆಳಗೆ ಒಟ್ಟು ಗೆಲುವು. ಮೊದಲ ಪುಟದಲ್ಲಿ ಹನ್ನೆರಡು. ಎರಡನೆಯದರಲ್ಲೂ ಹನ್ನೆರಡು. ಮೂರನೆಯದರಲ್ಲಿ ಹದಿಮೂರು.

ಐದು ಪುಟ ತುಂಬಿದಾಗ ನಾನು ಡೆಕ್ಕಿನಲ್ಲಿದ್ದ ನಾಲ್ಕು ಗೋಡೆಗಳಲ್ಲಿ ಎರಡನ್ನು ತೆಗೆಯಲು ಹೊರಟೆ. ನಾಲ್ಕನೇ ಸರದಿಯ ಹೊತ್ತಿಗೆ ಕೈಗೆ ಬರುವುದು ಏಳು ಕಾರ್ಡು. ನಾಲ್ಕು ಗೋಡೆಗಳಿದ್ದರೆ ಆ ಏಳರಲ್ಲಿ ಒಂದಾದರೂ ಗೋಡೆ ಇರುವ ಸಂಭವ ನೂರಕ್ಕೆ ಅರವತ್ತೆಂಟು. ಎರಡೇ ಇದ್ದರೆ ನಲವತ್ತೆರಡು. ಆದರೆ ನೋಟ್‌ಬುಕ್ಕಿನ ಪ್ರಕಾರ ಗೋಡೆ ಸಿಗದ ಆಟಗಳಲ್ಲೂ ನಾನು ಅರ್ಧಕ್ಕರ್ಧ ಗೆದ್ದಿದ್ದೆ. ಇರುವೆಗಳು ನಾವಂದುಕೊಂಡಷ್ಟು ಬೇಗ ಬರುತ್ತಿರಲಿಲ್ಲ. ಹಾಗಿದ್ದ ಮೇಲೆ ಗೋಡೆಗೆ ಜಾಗ ದಂಡ ಮಾಡುವುದೇಕೆ?

ಭಾಮೈದ ಒಪ್ಪಲಿಲ್ಲ. "ಭಾವ, ನಾಲ್ಕೂ ಇರ್ಲಿ. ನನ್ ಮಾತು ಕೇಳಿ" ಅಂದ.

ನಾನು ನೋಟ್‌ಬುಕ್ಕನ್ನು ಅವನತ್ತ ತಿರುಗಿಸಿದೆ.

"ಪುಸ್ತಕ ಬಿಡಿ ಭಾವ. ಟೀಚರ್ ಹತ್ರ ಆಡುವಾಗ ಪುಸ್ತಕ ಬಂದು ಅಡ್ಡ ನಿಲ್ಲುತ್ತಾ?"

ನೂರು ಆಟದ ಲೆಕ್ಕಕ್ಕಿಂತ ನಿನ್ನ ಅನಿಸಿಕೆ ದೊಡ್ಡದಾ ಎಂದು ಕೇಳಿದೆ. ಅವನು ಅಡುಗೆಮನೆಯ ಕಡೆ ನೋಡಿದ. ಅವನ ಅಕ್ಕ ಅಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಆಮೇಲೂ ಎರಡು ಮೂರು ಸಲ ಅದೇ ಮಾತು ತೆಗೆದ. ಲಿಫ್ಟಿನ ಹಗ್ಗ ತೂಕ ತಡೆಯುತ್ತದೆ ಎಂದು ಗೊತ್ತಿದ್ದರೂ ಕೆಳಗೆ ಬ್ರೇಕು ಹಾಕಿಯೇ ಹಾಕುತ್ತಾರೆ ಎಂದ. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಆ ದಿನಗಳಲ್ಲೇ ಲ್ಯಾಬಿನಲ್ಲಿ ನಡೆದದ್ದನ್ನೂ ಇಲ್ಲಿ ಹೇಳಬೇಕು. ಬೆಳಿಗ್ಗೆ ರೋಗಿಗಳ ರಕ್ತವನ್ನು ಯಂತ್ರಕ್ಕೆ ಇಡುವ ಮೊದಲು, ಉತ್ತರ ಮೊದಲೇ ಗೊತ್ತಿರುವ ಒಂದು ದ್ರಾವಣವನ್ನು ಇಟ್ಟು ಯಂತ್ರ ಸರಿಯಿದೆಯೇ ಎಂದು ನೋಡುತ್ತೇವೆ. ಬಂದ ಸಂಖ್ಯೆಯನ್ನು ಗೋಡೆಯ ಮೇಲಿನ ಚಾರ್ಟಿನಲ್ಲಿ ಚುಕ್ಕೆಯಾಗಿ ಗುರುತಿಸುತ್ತೇವೆ. ಯಂತ್ರ ಎಷ್ಟೇ ಚೆನ್ನಾಗಿರಲಿ, ಚುಕ್ಕೆಗಳು ನಡುಗೆರೆಯ ಮೇಲೆ ಕೆಳಗೆ ಚೂರುಪಾರು ಕುಣಿಯಲೇಬೇಕು. ಸಕ್ಕರೆ ಪರೀಕ್ಷೆಯ ಚಾರ್ಟಿನಲ್ಲಿ ಎರಡು ವಾರದಿಂದ ಅವು ಗೆರೆಗೆ ಅಂಟಿಕೊಂಡು ಸಾಲಾಗಿ ನಿಂತಿದ್ದವು. ನೋಡಿದ ಕ್ಷಣವೇ ಗೊತ್ತಾಯಿತು, ಆ ಯಂತ್ರ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಪರೀಕ್ಷೆ ಮಾಡದೆಯೇ ಚುಕ್ಕೆ ಇಡುತ್ತಿದ್ದಾರೆ. ವಯಸ್ಸಿನಲ್ಲಿ ಅವರು ನನಗಿಂತ ಎರಡು ವರ್ಷ ದೊಡ್ಡವರು. ಕರೆದು ಕೇಳಿದೆ.

"ಚೆನ್ನಾಗಿ ಬಂದ್ರೂ ತಪ್ಪಾ ಸರ್?" ಅಂದರು.

ಇಷ್ಟು ಚೆನ್ನಾಗಿ ಬರುವುದಿಲ್ಲ, ಬಂದರೆ ಅದು ಸುಳ್ಳು ಎಂದೆ. ಮೇಲಿನವರಿಗೆ ವರದಿ ಕೊಟ್ಟೆ. ಅವರನ್ನು ಯಂತ್ರದಿಂದ ತೆಗೆದು, ಬಂದವರಿಗೆ ಟೋಕನ್ ಕೊಡುವ ಕೌಂಟರಿಗೆ ಹಾಕಿದರು. ನಾನು ಮಾಡಿದ್ದು ತಪ್ಪು ಎಂದು ಈಗಲೂ ಅನಿಸುವುದಿಲ್ಲ. ಆ ಸಂಜೆ ಮನೆಗೆ ಬಂದು ನೋಟ್‌ಬುಕ್ ತೆರೆದು, ಎಂಟನೇ ಪುಟದ ಕೆಳಗೂ ಹದಿಮೂರು ಎಂದು ಬರೆದು, ನನ್ನ ಆಟದಲ್ಲಿ ಎಂಥ ಸ್ಥಿರತೆ ಬಂದಿದೆ ಎಂದು ಹೆಂಡತಿಗೆ ಓದಿ ಹೇಳಿದೆ.

"ಒಳ್ಳೇದೇ ಅಲ್ವಾ" ಅಂದಳು, ತಲೆ ಎತ್ತದೆ.

ಇನ್ನೂರು ಆಟ, ನೂರಿಪ್ಪತ್ತೊಂದು ಗೆಲುವು. ಎರಡು ಗೋಡೆಯ ಡೆಕ್ಕಿನೊಂದಿಗೆ ಭಾನುವಾರ ಕನ್ನಡಕದಂಗಡಿಯ ಮೆಟ್ಟಿಲು ಹತ್ತಿದೆ. ಭಾಮೈದ ಇರುವೆ ಡೆಕ್ ತಂದಿರಲಿಲ್ಲ. ನಾನು ಬೇಡವೆಂದು ಬಿಟ್ಟ ನಾಲ್ಕು ಗೋಡೆಯ ಡೆಕ್ಕನ್ನೇ ಕಾರ್ಡಿಗೆ ಕಾರ್ಡು ಹಾಗೇ ಕಟ್ಟಿಕೊಂಡು ಬಂದಿದ್ದ. ಬಳಸಿಕೊಳ್ಳಲಾ ಎಂದು ಹಿಂದಿನ ದಿನ ಕೇಳಿದ್ದ, ಧಾರಾಳವಾಗಿ ಬಳಸಿಕೋ ಎಂದಿದ್ದೆ.

ಮೊದಲ ಆಟ ಟೀಚರ್ ಜೊತೆ. ಅವರ ಇರುವೆಗಳು ಮೂರನೇ ಸರದಿಗೇ ಮುತ್ತಿಕೊಂಡವು. ನನ್ನ ಕೈಯಲ್ಲಿ ಗೋಪುರವಿತ್ತು, ಗೋಡೆ ಇರಲಿಲ್ಲ. ಐದನೇ ಸರದಿಗೆ ಆಟ ಮುಗಿಯಿತು. ಕೆಟ್ಟ ಕೈ ಬಂತು, ಎಲ್ಲರಿಗೂ ಬರುತ್ತದೆ ಅಂದುಕೊಂಡೆ. ಎರಡನೆಯದೂ ಹಾಗೇ ಆಯಿತು. ಮೂರನೆಯದರಲ್ಲಿ ಗೋಡೆ ಬಂತು, ಆದರೆ ಅದು ಒಂದೇ ಸರದಿ ತಡೆಯಿತು. ನಾಲ್ಕನೆಯದರಲ್ಲಿ ಎದುರಿಗಿದ್ದವರು ಸ್ವತಃ ಯಜಮಾನರು, ಗುಂಪಿನಲ್ಲೇ ನಿಧಾನದ ಆಟಗಾರ. ಅವರೂ ಗೆದ್ದು, ತಪ್ಪು ಮಾಡಿದವರಂತೆ ನನ್ನನ್ನು ನೋಡಿದರು. ಆರು ಆಟ, ಆರೂ ಸೋಲು. ಕೋಣೆಯಲ್ಲಿ ಯಾರೂ ಹಾಸ್ಯ ಮಾಡಲಿಲ್ಲ. ಹಾಸ್ಯ ಮಾಡಿದ್ದರೆ ಒಳ್ಳೆಯದಿತ್ತು.

ಕೊನೆಯ ಆಟ ಭಾಮೈದನ ಜೊತೆ. ಅವನು ಆಗಲೇ ಆರೂ ಗೆದ್ದಾಗಿತ್ತು, ಜಾಗ ಅವನದೇ ಎಂದು ನಿಶ್ಚಯವಾಗಿತ್ತು. ಆಟ ಒಂಬತ್ತನೇ ಸರದಿಯವರೆಗೆ ಎಳೆದುಕೊಂಡು ಹೋಯಿತು, ನಾನು ಗೋಪುರ ಇಳಿಸಿ ಗೆದ್ದೆ. ಬರಿಗೈಯಲ್ಲಿ ಹೋಗುವುದು ತಪ್ಪಿತು ಎಂದು ಉಸಿರು ಬಿಟ್ಟೆ. ಅಷ್ಟರಲ್ಲಿ ಅವನ ಹಿಂದೆ ನಿಂತು ಪರದೆ ನೋಡುತ್ತಿದ್ದ ಟೀಚರ್ ಕೇಳಿದರು, "ಎಂಟನೇ ಸರದಿಲೇ ನಿನ್ ಕೈಲಿ ಗೋಪುರ ಇತ್ತಲ್ಲೋ. ಯಾಕೆ ಇಳಿಸ್ಲಿಲ್ಲ?"

"ನೋಡ್ಲಿಲ್ಲ ಟೀಚರ್" ಅಂದ ಭಾಮೈದ.

"ಕಣ್ಣು ತೋರಿಸ್ಕೊ ಹಾಗಾದ್ರೆ. ಕೆಳಗಡೇನೇ ಅಂಗಡಿ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅವನು ನಗದಿದ್ದುದನ್ನು ನಾನು ನೋಡಿದೆ.

ಮನೆಗೆ ಬಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಒಂದು ಗ್ರಾಫ್ ಹಾಳೆ ಹರಡಿದೆ. ಹತ್ತು ಪುಟಗಳ ಹತ್ತು ಚುಕ್ಕೆ ಇಟ್ಟೆ: ಹನ್ನೆರಡು, ಹನ್ನೆರಡು, ಹದಿಮೂರು, ಹನ್ನೆರಡು, ಹನ್ನೆರಡು, ಹನ್ನೊಂದು, ಹನ್ನೆರಡು, ಹದಿಮೂರು, ಹನ್ನೆರಡು, ಹನ್ನೆರಡು. ಐದಕ್ಕೆ ಮೂರು ಗೆಲ್ಲುವವನ ಇಪ್ಪತ್ತು ಆಟಗಳ ಗೆಲುವು ಒಂದು ಪುಟದಲ್ಲಿ ಎಂಟಕ್ಕೆ ಇಳಿಯಬೇಕು, ಇನ್ನೊಂದು ಪುಟದಲ್ಲಿ ಹದಿನೈದಕ್ಕೆ ಏರಬೇಕು. ನನ್ನ ಚುಕ್ಕೆಗಳು ಗೆರೆಗೆ ಅಂಟಿಕೊಂಡು ಸಾಲಾಗಿ ನಿಂತಿದ್ದವು. ಬೇರೆಯವರ ಚಾರ್ಟಿನಲ್ಲಿ ಒಂದು ಕ್ಷಣಕ್ಕೆ ಕಂಡದ್ದು ನನ್ನದರಲ್ಲಿ ಎರಡು ತಿಂಗಳಾದರೂ ಕಂಡಿರಲಿಲ್ಲ. ಯಾಕೆ ಕಾಣಲಿಲ್ಲ ಎಂಬುದಕ್ಕೆ ಲೆಕ್ಕ ಬೇಕಿಲ್ಲ. ಗೆಲ್ಲುತ್ತಿದ್ದೆ, ಅದಕ್ಕೇ.

ಹೆಂಡತಿಯನ್ನು ಕರೆದು ಹಾಳೆ ತೋರಿಸಿದೆ. ಅವಳಿಗೆ ಗ್ರಾಫ್ ಅರ್ಥವಾಗಲಿಲ್ಲ, ನನ್ನ ಮುಖ ಅರ್ಥವಾಯಿತು.

"ನಾನೇ ಹೇಳಿದ್ದೆ ಅವನಿಗೆ, ಬೇಕಂತ ಸೋಲು ಅಂತ" ಅಂದಳು. ಎಷ್ಟು ಎಂದು ಕೇಳಿದೆ. "ಐದರಲ್ಲಿ ಮೂರು ಬಿಟ್ಕೊಡು ಅಂದೆ. ಎಲ್ಲಾ ಬಿಟ್ರೆ ನಿಮಗೆ ಗೊತ್ತಾಗುತ್ತೆ ಅಂತ ಅವನೇ ಅಂದ."

ಯಾಕೆ ಎಂದೆ. ಅವಳು ಕುರ್ಚಿ ಎಳೆದು ಎದುರಿಗೆ ಕೂತಳು, ಭಾಮೈದ ಕೂರುವ ಬದಿಗೆ.

"ಸೋತ ದಿನ ಈ ಮನೇಲಿ ಯಾರಾದ್ರೂ ನಿಮ್ಮ ಹತ್ರ ಮಾತಾಡೋಕಾಗುತ್ತಾ ರೀ? ಈ ಪುಸ್ತಕ ಶುರು ಮಾಡೋಕೆ ಮುಂಚೆ ಒಂದ್ಸಲ ಒಂದೇ ಸಮ ಹನ್ನೊಂದು ಸೋತ್ರಿ ನೋಡಿ, ಎರಡು ದಿನ ಹೂಂ ಅಂದಿದ್ದು ಬಿಟ್ರೆ ಮಾತಿಲ್ಲ. ಮಗಳು ಶಾಲೆಯ ಒಂದು ಸಹಿ ಬೇಕಿದ್ರೂ ಮೊದ್ಲು ನನ್ ಹತ್ರ ಬರ್ತಾಳೆ. ಅಪ್ಪ ಇವತ್ತು ಗೆದ್ರಾ ಅಂತ ಕೇಳ್ಕೊಂಡು ಆಮೇಲೆ ನಿಮ್ಮ ಹತ್ರ ಬರ್ತಾಳೆ. ಅವಳಿಗೆ ಒಂಬತ್ತು ವರ್ಷ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಹೊತ್ತುಕೊಂಡಿದ್ದನ್ನು ಕೆಳಗಿಡುವವಳಂತೆ ಹೇಳಿದಳು. ನಾನು ಎಂದೂ ಕೂಗಾಡಿದವನಲ್ಲ. ಹಾಗಂತ ಹೇಳಿದೆ ಕೂಡ. "ಕೂಗಾಡಿದ್ರೆ ವಾಸಿ ಇತ್ತು" ಎಂದು ಎದ್ದುಹೋದಳು. ನಾನು ಗೆದ್ದ ಸಂಜೆಗಳು ಅವರಿಗೆ ರಜೆಯಂತೆ ಇದ್ದವು. ಆ ರಜೆಯನ್ನು ಅವರೇ ಕೂತು ಹಂಚಿಕೊಂಡಿದ್ದರು, ವಾರಕ್ಕೆ ಇಷ್ಟು ಎಂದು.

ಸೋಮವಾರ ಲ್ಯಾಬಿಗೆ ಹೋಗುವಾಗ ಕೌಂಟರಿನ ಮುಂದೆ ನಿಂತೆ. ಏನೋ ಹೇಳಬೇಕೆಂದಿತ್ತು. ಆ ಸಹೋದ್ಯೋಗಿ ತಲೆ ಎತ್ತಿ, "ಟೋಕನ್ ಬೇಕಾ ಸರ್?" ಅಂದರು. ಹಿಂದಿನ ಸಾಲು ನಕ್ಕಿತು. ಒಳಗೆ ಹೋದೆ.

ಮಂಗಳವಾರ ಆರಕ್ಕೆ ಭಾಮೈದ ಬಂದ. ಎಂದಿನಂತೆ ಬಚ್ಚಲಿಗೆ ಹೋಗಿ, ಎಂದಿಗಿಂತ ಬಹಳ ಹೊತ್ತು ಕೈ ತೊಳೆದುಕೊಂಡ. ದೊಡ್ಡ ಪಂದ್ಯಕ್ಕೆ ಡೆಕ್ಕನ್ನು ಒಮ್ಮೆ ನೋಡಿಕೊಡಿ ಎಂದು ಕೇಳಲು ಬಂದಿದ್ದ, ಆದರೆ ಕೇಳಲು ಬಾಯಿ ಬರುತ್ತಿರಲಿಲ್ಲ.

"ಗೋಡೆ ತೆಗೀಬೇಡಿ ಅಂತ ಎಷ್ಟು ಸಲ ಹೇಳ್ದೆ ಭಾವ" ಅಂದ ಕೊನೆಗೆ. "ಅದಕ್ಕಿಂತ ಹೆಚ್ಚು ಹೇಳೋಕೆ ಅಕ್ಕ ಬಿಡ್ಲಿಲ್ಲ."

ಕೂತ್ಕೊ, ಆಡೋಣ ಎಂದೆ. "ಇರುವೆ ಡೆಕ್ ತಗೋ. ಕೈಯಲ್ಲಿ ಇರೋದನ್ನೆಲ್ಲ ಆಡು."

ಮೊದಲ ಆಟ ಐದನೇ ಸರದಿಗೆ ಮುಗಿಯಿತು. ಎರಡನೆಯದು ನಾಲ್ಕಕ್ಕೆ. ಅವನ ಬೆರಳು ಪರದೆಯ ಮೇಲೆ ಓಡುವ ವೇಗವನ್ನು ನಾನು ಅಷ್ಟು ಹತ್ತಿರದಿಂದ ಮೊದಲ ಬಾರಿ ನೋಡಿದೆ. ಎರಡು ತಿಂಗಳು ಆ ಬೆರಳುಗಳನ್ನು ಅವನು ಎಷ್ಟು ಬಿಗಿ ಹಿಡಿದಿದ್ದಿರಬೇಕು. ನೋಟ್‌ಬುಕ್ ತೆರೆದು ಹೊಸ ಪುಟದಲ್ಲಿ ಸೋಲು, ಸೋಲು ಎಂದು ಬರೆದೆ. ಬರೆಯುವಾಗ ನೆಮ್ಮದಿಯೇ ಆಯಿತು. ಅವೆರಡೂ ನಿಜ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಮಗಳು ಬಾಗಿಲ ಹತ್ತಿರ ಒಂದು ಹಾಳೆ ಹಿಡಿದು ನಿಂತಿದ್ದಳು. ನಾನು ನೋಡಿದ ಕೂಡಲೇ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಮೂರನೇ ಆಟದಲ್ಲಿ ನನಗೆ ಎರಡೂ ಗೋಡೆ ಮೊದಲಲ್ಲೇ ಬಂದವು. ಆರನೇ ಸರದಿಗೆ ಅವನ ಇರುವೆಗಳು ತೆಳುವಾದವು, ಎಂಟಕ್ಕೆ ಗೋಪುರ ಇಳಿಸಿದೆ, ಗೆದ್ದೆ. ಭಾಮೈದ ಫೋನನ್ನು ಮೇಜಿನ ಮೇಲೆ ಮೇಲ್ಮುಖವಾಗಿಟ್ಟು, "ಇದು ನಿಜ ಭಾವ. ನನ್ ಕೈಲಿ ಏನೂ ಇರ್ಲಿಲ್ಲ, ನೀವೇ ನೋಡಿ" ಅಂದ. ಆಟ ಮುಗಿದ ಮೇಲೆ ಪರದೆ ಕೈಯಲ್ಲಿದ್ದ ಕಾರ್ಡುಗಳನ್ನು ತೋರಿಸುವುದಿಲ್ಲ.

ನಾನು ಮಗಳನ್ನು ಕರೆದು ಹಾಳೆಗೆ ಸಹಿ ಹಾಕಿಕೊಟ್ಟೆ. ಅವಳು ಥ್ಯಾಂಕ್ಸ್ ಅಪ್ಪ ಎಂದು ಹೇಳಿ, ಹೋಗುವಾಗ ತಿರುಗಿ ಮಾವನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಪೆನ್ನು ಇನ್ನೂ ನನ್ನ ಕೈಯಲ್ಲೇ ಇತ್ತು. ಮೂರನೇ ಸಾಲನ್ನು ಖಾಲಿ ಬಿಟ್ಟು ನೋಟ್‌ಬುಕ್ ಮುಚ್ಚಿದೆ.

"ನಿನ್ ಡೆಕ್ ತೋರಿಸು" ಎಂದೆ. ಅವನು ಫೋನನ್ನು ನನ್ನ ಕಡೆ ಸರಿಸಿದ. ನಾಲ್ಕು ಗೋಡೆಗಳಿಂದ ಶುರುಮಾಡಿ, ಕಾರ್ಡುಗಳನ್ನು ಒಂದೊಂದಾಗಿ ಎಣಿಸತೊಡಗಿದೆ.